ಆ ಹುಡುಗರಿಗೆ ಬೇಲಿ ಕಾಣಿಸಿತ್ತು

ನಾನು ಶಾಲೆಯೊಂದರ ಸ್ಕೌಟ್ ಮಾಸ್ಟರ್. ಪ್ರತಿ ಶಿಬಿರದಲ್ಲೂ ಕ್ಯಾಂಪ್‌ಫೈರ್ ಹೊತ್ತಿಗೆ ನಾರ್ಮನ್ ಮಿನೆಟಾ ಮತ್ತು ಅಲನ್ ಸಿಂಪ್ಸನ್ ಅನ್ನುವ ಇಬ್ಬರು ಅಮೆರಿಕನ್ ಸ್ಕೌಟ್ ಹುಡುಗರ ಕಥೆ ಹೇಳುತ್ತೇನೆ. ಒಬ್ಬ ಜಪಾನಿ ಮೂಲದವನು, ಇನ್ನೊಬ್ಬ ಬಿಳಿಯ. ಮಕ್ಕಳನ್ನು ಕರೆದೊಯ್ಯಲು ಬರುವ ಅಪ್ಪ ಅಮ್ಮಂದಿರು ಕೇಳುವುದು ಒಂದೇ: “ಮಕ್ಕಳಿಗೆ ಬಣ್ಣ, ಜನಾಂಗ ಅಂತೆಲ್ಲ ಗೊತ್ತಾಗಲ್ಲ, ಅದಕ್ಕೇ ಸ್ನೇಹ ಆಯ್ತು. ಅಲ್ವಾ ಸರ್?”

ಅಲ್ಲ. ಚೆನ್ನಾಗಿಯೇ ಗೊತ್ತಿತ್ತು.

ಜಪಾನ್ ಜೊತೆ ಯುದ್ಧ ನಡೆಯುತ್ತಿದ್ದ 1942ರಲ್ಲಿ ಅಮೆರಿಕ ಸರ್ಕಾರ ಪಶ್ಚಿಮ ಕರಾವಳಿಯ ಜಪಾನಿ ಮೂಲದವರನ್ನು ಮನೆಯಿಂದ ಎಬ್ಬಿಸಿ ಕ್ಯಾಂಪುಗಳಿಗೆ ಸಾಗಿಸಿತು. ಸುಮಾರು 1,20,000 ಜನ. ಹೆಚ್ಚಿನವರು ಅಲ್ಲೇ ಹುಟ್ಟಿದ ಪ್ರಜೆಗಳು. ಸ್ಯಾನ್ ಹೋಸೆಯ ಮಿನೆಟಾಗೆ ಆಗ 10 ವರ್ಷ. ಕಬ್ ಸ್ಕೌಟ್ ಸಮವಸ್ತ್ರ ಹಾಕಿಕೊಂಡು ರೈಲು ಹತ್ತಿದ. ಕೈಲಿದ್ದ ಬೇಸ್‌ಬಾಲ್ ಬ್ಯಾಟನ್ನು ಆಯುಧ ಅಂತ ಕಿತ್ತುಕೊಂಡರು. ಇಂಥ ಹುಡುಗನಿಗೆ ಜನಾಂಗ ಗೊತ್ತಾಗಲಿಲ್ಲ ಅನ್ನುತ್ತೀರಾ?

ಕೊನೆಗೆ ಅವನು ಸೇರಿದ್ದು ವಯೋಮಿಂಗ್‌ನ ಹಾರ್ಟ್ ಮೌಂಟನ್ ಕ್ಯಾಂಪಿಗೆ. ಮುಳ್ಳುತಂತಿ, ಕಾವಲು ಗೋಪುರ, ಒಳಗೆ 10,000ಕ್ಕೂ ಜಾಸ್ತಿ ಜನ. ಅಲ್ಲೂ ಸ್ಕೌಟ್ ತಂಡಗಳಿದ್ದವು. ಅವರ ಮುಂದಾಳುಗಳು ಸುತ್ತಲಿನ ಊರುಗಳ ತಂಡಗಳನ್ನು ಶಿಬಿರಕ್ಕೆ ಕರೆದರು. ಯಾರೂ ಬರಲು ಒಪ್ಪಲಿಲ್ಲ. ಕೊನೆಗೆ 1943ರಲ್ಲಿ ಹತ್ತಿರದ ಕೋಡಿ ಊರಿನ ಸ್ಕೌಟ್ ಮಾಸ್ಟರ್ ಗ್ಲೆನ್ ಲಿವಿಂಗ್‌ಸ್ಟನ್ ತನ್ನ ಹುಡುಗರನ್ನು ಕರೆದುಕೊಂಡು ಹೋದರು. ಹುಡುಗರಿಗೆ ಹೆದರಿಕೆ. ಒಳಗಿರುವವರೂ ನಿಮ್ಮ ಹಾಗೇ ಅಮೆರಿಕನ್ನರು ಅಂತ ಲಿವಿಂಗ್‌ಸ್ಟನ್ ಅವರೇ ಧೈರ್ಯ ಹೇಳಿದರು.

ಕೋಡಿಯಿಂದ ಹೋದ ಆ ಹುಡುಗರಲ್ಲಿ ಸಿಂಪ್ಸನ್ ಒಬ್ಬ. ಅವನಿಗೂ ಮಿನೆಟಾಗೂ ಒಂದೇ ಪುಟ್ಟ ಟೆಂಟ್ ಸಿಕ್ಕಿತು. ಮಳೆನೀರು ಒಳಗೆ ಬಾರದಂತೆ ಟೆಂಟಿನ ಸುತ್ತ ಕಾಲುವೆ ತೋಡುವುದು ನಾವೂ ಕಲಿಸುವ ಕೆಲಸವೇ. ಇವರೂ ತೋಡಿದರು. ಆದರೆ ನೀರು ಇಳಿಜಾರಿನಲ್ಲಿದ್ದ ಇನ್ನೊಂದು ಟೆಂಟಿಗೆ ನುಗ್ಗುವ ಹಾಗೆ ತಿರುಗಿಸಿದರು. ಅದರಲ್ಲಿದ್ದವನು ಕೋಡಿಯಿಂದಲೇ ಬಂದಿದ್ದ ಪುಂಡ ಹುಡುಗ, ಸಿಂಪ್ಸನ್‌ಗೆ ಕಂಡರಾಗದವನು. ಮಳೆ ಬಂತು, ಆ ಟೆಂಟ್ ಕುಸಿಯಿತು. ಸಿಂಪ್ಸನ್ ಬಿದ್ದು ಬಿದ್ದು ನಕ್ಕನಂತೆ. ನಮ್ಮ ಮಕ್ಕಳು ಇಲ್ಲಿಗೆ ಬಂದಾಗ ಚಪ್ಪಾಳೆ ತಟ್ಟುತ್ತಾರೆ.

ಮುಂದೆ ಸಿಂಪ್ಸನ್ ರಿಪಬ್ಲಿಕನ್ ಸೆನೆಟರ್ ಆದರು, ಮಿನೆಟಾ ಡೆಮಾಕ್ರಟಿಕ್ ಸಂಸದ. ಕ್ಯಾಂಪಿನಲ್ಲಿದ್ದು ಬದುಕುಳಿದವರಿಗೆ ಕ್ಷಮಾಪಣೆಯ ಜೊತೆ ತಲಾ 20,000 ಡಾಲರ್ ಕೊಡುವ 1988ರ ಕಾನೂನಿಗೆ ಇಬ್ಬರೂ ದುಡಿದರು. ಇಷ್ಟೆಲ್ಲ ಹೇಳಿದ ಮೇಲೂ ನೀವು ಮಕ್ಕಳ ಮುಗ್ಧತೆಯನ್ನೇ ಹೊಗಳುತ್ತೀರಿ. ಹಾಗೆ ಹೊಗಳಿದರೆ ದೊಡ್ಡವರಿಗೆ ಏನೂ ಕೆಲಸ ಉಳಿಯುವುದಿಲ್ಲ, ನೋಡಿ. ಅದಕ್ಕೇ ನನಗೆ ಸಿಟ್ಟು.

“ಆ ಹುಡುಗರನ್ನು ಗೇಟಿನೊಳಗೆ ಕರೆದುಕೊಂಡು ಹೋದವರು ಯಾರು?” ಅಂತ ಒಬ್ಬರಾದರೂ ಕೇಳಿ. ಬೇರೆ ಊರುಗಳ ಮಕ್ಕಳನ್ನು ತಡೆದವರು ಯಾರು ಅಂತ ಕೇಳಿ. ಲಿವಿಂಗ್‌ಸ್ಟನ್ ಕೂಡ ಬೇಡ ಅಂದಿದ್ದರೆ ಸಿಂಪ್ಸನ್ ಸುಮ್ನೆ ಮನೆಯಲ್ಲೇ ಇರುತ್ತಿದ್ದ.

ಹೋದ ವರ್ಷ ಒಬ್ಬರು ಒಪ್ಪಿಗೆ ಪತ್ರದ ಕೆಳಗೆ ಪೆನ್ಸಿಲ್‌ನಲ್ಲಿ ಬರೆದು ಕಳಿಸಿದ್ದರು: “ಟೆಂಟಿನಲ್ಲಿ ನನ್ನ ಮಗನ ಪಕ್ಕ ಯಾರು ಮಲಗುತ್ತಾರೆ, ಯಾವ ಜನ ಅಂತ ಮೊದಲೇ ತಿಳಿಸಿ.” ನಾನು ತಿಳಿಸಲಿಲ್ಲ. ಫೋನ್ ಮಾಡಿ, ದಯವಿಟ್ಟು ಹುಡುಗನನ್ನು ಕಳಿಸಿ ಅಂತ ಬೇಡಿಕೊಂಡೆ. ಕಳಿಸಲಿಲ್ಲ. ಅವನಿಗೆ ಅಂತ ತಂದಿದ್ದ ಸ್ಕಾರ್ಫ್ ಇನ್ನೂ ಶಾಲೆಯ ಬೀರುವಿನಲ್ಲಿದೆ.