ಸತ್ತಿದೆ ಅಂತ ಯಾರು ಹೇಳಿದ್ದು?

"ಅಮ್ಮಾ, ಇದು ಸತ್ತಿದೆ ಅಂತ ನಿಮಗೆ ಯಾರು ಹೇಳಿದ್ದು?"

ಈ ವಾರ ಒಬ್ಬರು ಹಳೇ ಮೆಕ್ಯಾನಿಕ್ ನನ್ನನ್ನು ಹೀಗೆ ಕೇಳಿದರು. ಅವತ್ತಿನಿಂದ ಕೈಯಲ್ಲಿ ಅರ ಹಿಡಿದರೂ ಇದೇ ಮಾತು, ಮಲಗಿದರೂ ಇದೇ ಮಾತು.

ಅವರ ಶೆಡ್ಡಿನಲ್ಲಿ ಕೈಯಿಂದ ತಳ್ಳಿ ಹುಲ್ಲು ಕತ್ತರಿಸುವ ಹಳೇ ಲಾನ್ ಮೋವರ್‌ಗಳು ಒಂದರ ಮೇಲೊಂದು ಬಿದ್ದಿವೆ. ಮೋಟಾರ್ ಇಲ್ಲದವು, ಬೀಡು ಕಬ್ಬಿಣದ ಚಕ್ರದವು. ನಮ್ಮ ಮೋವರ್‌ನ ಒಂದು ಕಡೆಯ ಪಾಲ್ ಸವೆದು ಹೋಗಿದೆ. ಪಾಲ್ ಅಂದರೆ ಪಿನಿಯನ್ ಅನ್ನುವ ಸಣ್ಣ ಹಲ್ಲುಚಕ್ರದ ಒಳಗೆ ಕೂರುವ ಸಣ್ಣ ಉಕ್ಕಿನ ತುಂಡು. ಮುಂದೆ ತಳ್ಳಿದಾಗ ಅದು ಹಲ್ಲಿಗೆ ಸಿಕ್ಕಿಕೊಂಡು ರೀಲ್, ಅಂದರೆ ಸುತ್ತಲೂ ಬ್ಲೇಡುಗಳಿರುವ ಉರುಳೆಯನ್ನು ತಿರುಗಿಸುತ್ತದೆ, ಹಿಂದೆ ಎಳೆದಾಗ ಟಕಟಕ ಅಂತ ಜಾರಿಕೊಳ್ಳುತ್ತದೆ, ಸೈಕಲ್ಲಿನ ಫ್ರೀವೀಲ್ ಹಾಗೇ. ಅದರ ಮೂಲೆ ಸವೆದು ದುಂಡಗಾದರೆ ಚಕ್ರ ಉರುಳುತ್ತದೆ, ಆದರೆ ಆ ಕಡೆಯಿಂದ ರೀಲಿಗೆ ಬಲವೇ ಹೋಗುವುದಿಲ್ಲ. ನಾಲ್ಕು ಎಳೆ ದಪ್ಪ ಹುಲ್ಲು ಸಿಕ್ಕಿದರೆ ಅಲ್ಲೇ ನಿಂತುಬಿಡುತ್ತದೆ. ಅಷ್ಟು ದೊಡ್ಡ ಯಂತ್ರಕ್ಕೆ ಉಗುರಿನಷ್ಟು ತುಂಡು, ಅದು ಸಿಗುವುದಿಲ್ಲ!

ಆ ರಾಶಿಯಲ್ಲಿ ನಮ್ಮದೇ ಜಾತಿಯ ಒಂದು ಕಂಡಿತು. ಪಕ್ಕದ ಎರಕದ ಮೇಲಿದ್ದ ನಂಬರ್ ಬ್ರಷ್ಷಿನಿಂದ ಉಜ್ಜಿ ನೋಡಿದೆ, ಅದೇ ನಂಬರ್. ಹಿಡಿಕೆ ಇಲ್ಲ, ಮರದ ರೋಲರ್ ಕೊಳೆತು ಹೋಗಿದೆ, ರೀಲ್ ಪೂರ್ತಿ ಜಾಮ್. "ಇದರ ಪಾಲ್ ಕೊಡ್ತೀರಾ? ಇದು ಹೇಗೂ ಸತ್ತಿದೆಯಲ್ಲ" ಅಂದೆ. ಆಗಲೇ ಆ ಪ್ರಶ್ನೆ ಬಂದದ್ದು.

ಕೋಪದಿಂದ ಕೇಳಿದ್ದಲ್ಲ. ನಿಜವಾಗಿ ತಿಳಿದುಕೊಳ್ಳಬೇಕು ಅನ್ನುವ ಹಾಗೆ ಕೇಳಿದರು. ನಾನು ರೀಲ್ ಕಡೆ ಕೈ ತೋರಿಸಿದೆ. ಅವರು ಏನೂ ಹೇಳದೆ ಕೆಳಗೆ ಕೂತು, ರೀಲಿನ ಅಡಿಯಲ್ಲಿ ತಿರುಗದೆ ನಿಂತಿರುವ ಬಾಟಮ್ ಬ್ಲೇಡಿನ ಎರಡೂ ತುದಿಯ ಸ್ಕ್ರೂಗಳಿಗೆ ಎಣ್ಣೆ ಬಿಟ್ಟರು. ಆಮೇಲೆ ಕಾದದ್ದೇ ಕೆಲಸ. ಅವರು ಬೇರೆ ಏನೋ ಮಾಡುತ್ತಾ ಇದ್ದರು, ಮಧ್ಯೆ ಬಂದು ಇನ್ನೊಂದಿಷ್ಟು ಎಣ್ಣೆ, ಮತ್ತೆ ಕಾಯುವುದು. ಬೀಡಿನ ಮೇಲೆ ಸುತ್ತಿಗೆ ಎತ್ತಲೇ ಇಲ್ಲ. ಬೀಡು ಬಗ್ಗುವುದಿಲ್ಲ, ಒಡೆಯುತ್ತದೆ. ಒಡೆದ ಮೇಲೆ ವೆಲ್ಡಿಂಗ್ ಎಲ್ಲರ ಕೈಗೂ ಬಗ್ಗುವ ಕೆಲಸ ಅಲ್ಲ. ಕೊನೆಗೆ ಸ್ಕ್ರೂ ಸ್ವಲ್ಪ ಸಡಿಲವಾಯಿತು. ಬ್ಲೇಡಿಗೆ ಒಂದು ಮರದ ತುಂಡು ಇಟ್ಟು ಮೆಲ್ಲಗೆ ತಟ್ಟಿದರು.

ರೀಲ್ ಅಲುಗಿತು. ಒಂದು ಕೂದಲೆಳೆಯಷ್ಟು, ಅಷ್ಟೇ. ಮತ್ತೆ ಈ ಕಡೆ, ಮತ್ತೆ ಆ ಕಡೆ. ತುಕ್ಕಿನ ಪುಡಿ ಉದುರಿತು.

ನನ್ನ ಕಣ್ಣ ಮುಂದೆ ಈಗಲೂ ಇರುವುದು ಆ ಕೂದಲೆಳೆಯಷ್ಟು ಅಲುಗಾಟ. ಬೇರಿಂಗ್ ಹಿಡಿದಿರಲಿಲ್ಲ, ಯಾವುದೂ ಮುರಿದಿರಲಿಲ್ಲ. ಯಾರೋ ಯಾವಾಗಲೋ ಬಾಟಮ್ ಬ್ಲೇಡನ್ನು ಜಾಸ್ತಿ ಬಿಗಿ ಮಾಡಿ ಬಿಟ್ಟಿದ್ದರು, ಅದರ ಮೇಲೆ ತುಕ್ಕು ಕೂತಿತ್ತು. ಇಷ್ಟಕ್ಕೇ ಅದು ಸತ್ತವರ ಸಾಲಿಗೆ ಸೇರಿತ್ತು.

ಈ ಬಿಗಿ ಮಾಡುವ ವಿಷಯದಲ್ಲಿ ನನಗೂ ತುಂಬ ಸಿಟ್ಟಿದೆ. ಮೋವರ್ ಮಾಡುವುದು ಕತ್ತರಿ ಕೆಲಸ. ತಿರುಗುವ ಬ್ಲೇಡು ಬಾಟಮ್ ಬ್ಲೇಡನ್ನು ಬರೀ ಸವರಿಕೊಂಡು ಹೋಗಬೇಕು. ಒಂದು ಕಾಗದದ ಚೂರು ಮಧ್ಯೆ ಇಟ್ಟು ರೀಲನ್ನು ಹುಷಾರಾಗಿ ತಿರುಗಿಸಿ ನೋಡಿದರೆ, ಈ ತುದಿಯಿಂದ ಆ ತುದಿಯವರೆಗೂ ಕಾಗದ ನೀಟಾಗಿ ಕತ್ತರಿಸಬೇಕು. ಕತ್ತರಿಸದಿದ್ದರೆ ಎಷ್ಟೋ ಜನ ಸ್ಕ್ರೂ ಬಿಗಿ ಮಾಡುತ್ತಲೇ ಹೋಗುತ್ತಾರೆ. ಇನ್ನು ಕೆಲವರು ಗ್ರೈಂಡರ್ ಹಿಡಿದು ಒಂದೊಂದೇ ಬ್ಲೇಡನ್ನು ಕಣ್ಣಳತೆಯಲ್ಲಿ ತಿಕ್ಕಿ ರೀಲಿನ ದುಂಡೇ ಹಾಳು ಮಾಡುತ್ತಾರೆ. ಮೊಂಡಾದದ್ದು ಸ್ವಲ್ಪವೇ ಆಗಿದ್ದರೆ ಗ್ರೈಂಡಿಂಗ್ ಪೇಸ್ಟ್ ಹಚ್ಚಿ ರೀಲನ್ನು ಹಿಂದಕ್ಕೆ ತಿರುಗಿಸಿದರೆ ಸಾಕು, ಎರಡು ಅಂಚೂ ಒಂದಕ್ಕೊಂದು ಹೊಂದಿಕೊಳ್ಳುತ್ತವೆ. ಆಮೇಲೆ ಪೇಸ್ಟನ್ನು ಪೂರ್ತಿ ತೊಳೆಯಬೇಕು, ಬೇರಿಂಗಿನ ಗುಂಡುಗಳಿಗೆ ಅದು ಹೋದರೆ ಕಥೆ ಮುಗಿಯಿತು.

ರೀಲಿನಿಂದ ಹುಲ್ಲು ಕತ್ತರಿಸುವ ಈ ಉಪಾಯ ಹೊಳೆದದ್ದು ಇಂಗ್ಲೆಂಡಿನ ಸ್ಟ್ರೌಡ್ ಕಡೆಯ ಎಡ್ವಿನ್ ಬಡ್ಡಿಂಗ್ ಅನ್ನುವವರಿಗೆ, 1830ರಲ್ಲಿ. ಉಣ್ಣೆ ಬಟ್ಟೆಯ ಮೇಲೆ ಎದ್ದ ಜುಂಗನ್ನು ಸಮ ಮಾಡುವ ಯಂತ್ರ ನೋಡಿ, ಹುಲ್ಲಿಗೂ ಯಾಕಾಗಬಾರದು ಅಂದುಕೊಂಡವರು. 1832ರಿಂದ ರಾನ್ಸಮ್ಸ್ ಕಂಪನಿ ಅವರ ಪರವಾನಗಿ ಪಡೆದು ಮಾಡತೊಡಗಿತು. ಇವತ್ತು ಶೆಡ್ಡಿನಲ್ಲಿ ಬಿದ್ದಿರುವವುಗಳಲ್ಲೂ ಅದೇ ರೀಲ್, ಅದೇ ಬಾಟಮ್ ಬ್ಲೇಡ್. ಇಷ್ಟು ವರ್ಷ ಬದಲಾಗದೆ ಉಳಿದ ಯಂತ್ರವನ್ನು ಒಂದು ಸ್ಕ್ರೂ ಹಿಡಿದುಕೊಂಡಿದೆ ಅಂತ ಗುಜರಿಗೆ ಹಾಕುತ್ತೇವೆ, ಅದೇ ನನಗೆ ಸಂಕಟ.

ಹಾಗಂತ ನಾನು ಆ ಯಜಮಾನರ ಮಾತನ್ನು ಪೂರ್ತಿ ಒಪ್ಪಿಲ್ಲ. ಅವತ್ತೂ ಹೇಳಿದೆ, ಈಗಲೂ ಹೇಳುತ್ತೇನೆ. ಒಂದರ ಭಾಗ ಇನ್ನೊಂದಕ್ಕೆ ಹಾಕದೆ ಈ ಹಳೇ ಯಂತ್ರಗಳು ಉಳಿಯುವುದು ಹೇಗೆ? ಬೋಲ್ಟು ಕೂಡ ಸುಲಭಕ್ಕೆ ಸಿಗುವುದಿಲ್ಲ. ಹಳೇ ಬ್ರಿಟಿಷ್ ಮೋವರ್‌ಗಳಲ್ಲಿ ಬೋಲ್ಟಿನ ಮರೆ, ಅಂದರೆ ಸುರುಳಿ ಗೀರು, ವಿಟ್‌ವರ್ತ್ ಅನ್ನುವ ಹಳೇ ಬ್ರಿಟಿಷ್ ಅಳತೆಯದು. ಅರ್ಧ ಇಂಚಿನ ಬೋಲ್ಟಿಗೆ ಇಂಚಿಗೆ 12 ಮರೆ, ಅಮೆರಿಕದ್ದಾದರೆ 13. ಒಂದರ ಜಾಗಕ್ಕೆ ಇನ್ನೊಂದು ಹಾಕಿದರೆ ಎರಡು ಸುತ್ತು ಹೋಗಿ ಸಿಕ್ಕಿಕೊಳ್ಳುತ್ತದೆ, ಬಲ ಹಾಕಿದರೆ ಬೀಡಿನೊಳಗಿನ ಮರೆಯೇ ಹೋಗುತ್ತದೆ. ಅದೇ ಕಾಲದ ಇನ್ನೊಂದು ಯಂತ್ರ ಕೈಯಲ್ಲಿದ್ದರೆ ಈ ಪಾಡಿಲ್ಲ. ಆದರೆ "ಹೇಗೂ ಸತ್ತಿದೆ" ಅನ್ನುವ ತೀರ್ಮಾನವನ್ನು ಭಾಗ ಬೇಕಾದವರೇ ಮಾಡುತ್ತೇವಲ್ಲ, ಅಲ್ಲಿ ಅವರು ಕೈ ಇಟ್ಟಿದ್ದು ಸರಿಯಾದ ಜಾಗಕ್ಕೆ. ನಮಗೆ ಪಾಲ್ ಬೇಕು ಅಂದ ಕೂಡಲೇ ಆ ಯಂತ್ರದ ತುಕ್ಕು ನಮಗೆ ಜಾಸ್ತಿ ಕಾಣುತ್ತದೆ.

ಅವರ ಮಗನೂ ಅಲ್ಲೇ ಇದ್ದರು. "ಮೇಡಂ, ಬೇಕಾದ್ದು ಬಿಚ್ಚಿಕೊಂಡು ಹೋಗಿ, ಅಪ್ಪ ಎಲ್ಲದಕ್ಕೂ ಹೀಗೇ" ಅಂದರು. ಕೆಟ್ಟವರಲ್ಲ. ಶೆಡ್ಡಿನಲ್ಲಿ ಕಾಲಿಡಲು ಜಾಗ ಇಲ್ಲ, ಅವರಿಗೂ ಮಾಡಲು ಬೇರೆ ಕೆಲಸ ಇದೆ. ಆದರೆ ಅಪ್ಪ ಎಣ್ಣೆ ಬಿಟ್ಟು ಕಾಯುತ್ತಿದ್ದಾಗ ಅವರು ಒಮ್ಮೆಯೂ ತಿರುಗಿ ನೋಡಲಿಲ್ಲ, ಅದು ನನಗೆ ಬೇಸರ ತಂದಿತು. ಮುಂಚೆ ಒಬ್ಬರು ಬಂದು ಎರಡು ಮೋವರ್‌ಗೆ ಬಣ್ಣ ಬಳಿದು ತೋಟದಲ್ಲಿ ಅಲಂಕಾರಕ್ಕೆ ಇಡುತ್ತೇನೆ ಅಂತ ಒಯ್ದರಂತೆ. ಯಜಮಾನರಿಗೆ ಆ ನೋವು ಇನ್ನೂ ಇದೆ. ನನಗೂ ಬಣ್ಣ ಇಷ್ಟ, ಆದರೆ ಬ್ಲೇಡಿನ ಅಂಚಿನ ಮೇಲೂ ಬಣ್ಣ ಬಳಿದರೆ ಅದನ್ನು ರಿಪೇರಿ ಅನ್ನಲು ನನಗೆ ಬಾಯಿ ಬರುವುದಿಲ್ಲ. ಹುಲ್ಲು ಕತ್ತರಿಸಬೇಕು, ಆಮೇಲೆ ಉಳಿದದ್ದು.

ಕೊನೆಗೆ ಅವರೇ ಪಿನಿಯನ್ ಬಿಚ್ಚಿದರು. ಪಾಲ್ ತೆಗೆದು ಒರೆಸಿ ನನ್ನ ಅಂಗೈ ಮೇಲಿಟ್ಟು, "ಇದನ್ನ ನೋಡ್ಕೊಂಡು ಹೊಸದು ಮಾಡ್ಕೊಳ್ಳಿ. ಇದು ವಾಪಸ್ ಬರಬೇಕು" ಅಂದರು. ಎಡಗಡೆದು, ಬಲಗಡೆದು ಅದಲು ಬದಲು ಆಗಬಾರದು ಅಂತ ಅದರ ಜತೆ ಚೀಟಿ ಕಟ್ಟಿಕೊಟ್ಟರು. ಉಲ್ಟಾ ಹಾಕಿದರೆ ಚಕ್ರ ಹಿಂದೆ ಎಳೆದಾಗ ಮಾತ್ರ ರೀಲ್ ತಿರುಗುತ್ತದೆ.

ಈಗ ಹೊಸ ಪಾಲ್ ಮಾಡಲು ಒಂದು ಚೌಕ ಉಕ್ಕಿನ ಕಡ್ಡಿಯನ್ನು ಅರದಿಂದ ತಿಕ್ಕುತ್ತಿದ್ದೇನೆ. ಅಳತೆ ಹತ್ತಿರ ಬಂದಿದೆ. ಪಾಲ್ ವಾಪಸ್ ಕೊಡಲು ಹೋದಾಗ ಒಂದು ನೋಟ್‌ಬುಕ್ಕೂ ಒಯ್ಯುತ್ತೇನೆ. ಯಾವ ಎರಕದ ನಂಬರಿನ ಭಾಗ ಯಾವುದಕ್ಕೆ ಹೊಂದುತ್ತದೆ ಅನ್ನುವುದೆಲ್ಲ ಅವರ ತಲೆಯಲ್ಲೇ ಇದೆ, ಎಲ್ಲೂ ಬರೆದಿಟ್ಟಿಲ್ಲ. ಫೋನಿನಲ್ಲಿ ಕೇಳಿದೆ. ಬೆಳಿಗ್ಗೆ ಬೇಗ ಬನ್ನಿ, ಮಧ್ಯಾಹ್ನದ ಮೇಲೆ ಶೆಡ್ಡಿನಲ್ಲಿ ಬೆಳಕು ಸಾಲದು, ನಂಬರ್ ಓದಲು ಆಗುವುದಿಲ್ಲ ಅಂದರು.