"ಟೆನ್ಷನ್ ಮಾಡ್ಕೋಬೇಡಿ" ಅಂದರೆ ಸಾಲದು

ಸ್ಟೆಂಟ್ ಹಾಕಿಸಿಕೊಂಡು ಮನೆಗೆ ಹೊರಟವರ ಕೈಗೆ ಒಂದು ಡಿಸ್ಚಾರ್ಜ್ ಹಾಳೆ ಬರುತ್ತದೆ. ಯಾವ ಮಾತ್ರೆ, ಎಷ್ಟು ಮಿಲಿಗ್ರಾಂ, ಊಟಕ್ಕೆ ಮೊದಲೋ ಆಮೇಲೋ, ಎಷ್ಟು ನಿಮಿಷ ವಾಕಿಂಗ್, ಮತ್ತೆ ಯಾವಾಗ ಬರಬೇಕು, ಎಲ್ಲವೂ ಅದರಲ್ಲಿ ಇರುತ್ತದೆ. ಇವರು ಬಾಗಿಲು ದಾಟುವಾಗ ಹಿಂದಿನಿಂದ ಇನ್ನೊಂದು ಮಾತು ಬರುತ್ತದೆ: "ಟೆನ್ಷನ್ ಮಾಡ್ಕೋಬೇಡಿ." ಮನೆಗೆ ನೋಡಲು ಬಂದವರೆಲ್ಲ ಅದನ್ನೇ ಹೇಳಿ ಕಾಫಿ ಕುಡಿದು ಹೋಗುತ್ತಾರೆ. ಯಾವ ಟೆನ್ಷನ್, ಅದನ್ನು ಮಾಡಿಕೊಳ್ಳದೆ ಇರುವುದು ಹೇಗೆ ಎಂದು ಮಾತ್ರ ಯಾರೂ ಹೇಳುವುದಿಲ್ಲ. ಈ ಬರಹ ಅದರ ಬಗ್ಗೆ.

ಮೊದಲು, ಮನಸ್ಸಿಗೂ ಹೃದಯಕ್ಕೂ ನಿಜಕ್ಕೂ ಸಂಬಂಧ ಇದೆಯೇ? ಇದೆ, ಅದೂ ಸಣ್ಣ ಮಟ್ಟದ್ದಲ್ಲ. 2004ರಲ್ಲಿ ಪ್ರಕಟವಾದ ಇಂಟರ್‌ಹಾರ್ಟ್ ಅಧ್ಯಯನ 52 ದೇಶಗಳಲ್ಲಿ ನಡೆಯಿತು. ಅದರ ಮುಂದಾಳು ಸಲೀಂ ಯೂಸುಫ್ ಬೆಂಗಳೂರಿನ ಸೇಂಟ್ ಜಾನ್ಸ್‌ನಲ್ಲಿ ವೈದ್ಯಕೀಯ ಓದಿದವರು. ಮೊದಲ ಸಲ ಹೃದಯಾಘಾತವಾದ 11,119 ಜನರನ್ನು, ಆಗದೇ ಇದ್ದ 13,648 ಜನರನ್ನು ಕೆಲಸ, ಮನೆ, ಹಣಕಾಸಿನ ಒತ್ತಡದ ಬಗ್ಗೆ ಕೇಳಿದರು. ಒತ್ತಡ ಸದಾ ಇದೆ ಎಂದವರಲ್ಲಿ ಹೃದಯಾಘಾತದ ಅಪಾಯ ಸುಮಾರು ಎರಡು ಪಟ್ಟು ಇತ್ತು. ಸಿಗರೇಟು, ಬಿಪಿ, ಶುಗರ್, ಕೊಲೆಸ್ಟ್ರಾಲ್ ಇರುವ ಪಟ್ಟಿಯಲ್ಲೇ ಮನಸ್ಸಿನ ಒತ್ತಡವೂ ಸ್ಥಾನ ಪಡೆಯಿತು. ನಮಗೆ ಇದು ಇನ್ನೂ ಹತ್ತಿರದ ಮಾತು. ಅದೇ ಅಧ್ಯಯನದಲ್ಲಿ ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತವಾದ ಸರಾಸರಿ ವಯಸ್ಸು 53, ಉಳಿದವರಿಗೆ ಸುಮಾರು 59.

ಆದರೆ "ಟೆನ್ಷನ್" ಎಂಬ ಒಂದೇ ಚೀಲದಲ್ಲಿ ನಾವು ಸಿಟ್ಟು, ಗಡಿಬಿಡಿ, ಸಂಕಟ, ಭಯ, ಒಂಟಿತನ ಎಲ್ಲವನ್ನೂ ತುಂಬಿಬಿಟ್ಟಿದ್ದೇವೆ. ಹೃದಯದ ಮೇಲೆ ಇವು ಮಾಡುವ ಕೆಲಸ ಒಂದೇ ತೆರನಲ್ಲ.

ಸಿಟ್ಟನ್ನೇ ತೆಗೆದುಕೊಳ್ಳಿ. ಪಾರ್ಕಿಂಗ್ ಜಾಗಕ್ಕೆ ಜಗಳ ಹತ್ತಿದೆ ಎಂದುಕೊಳ್ಳಿ. ಕ್ಷಣಾರ್ಧದಲ್ಲಿ ಮಿದುಳಿನಿಂದ ಹೊರಟ ನರಗಳ ಆಜ್ಞೆ ಹೃದಯ ಮುಟ್ಟುತ್ತದೆ, ಮೂತ್ರಪಿಂಡಗಳ ನೆತ್ತಿಯ ಮೇಲೆ ಕೂತ ಅಡ್ರಿನಲ್ ಗ್ರಂಥಿಗಳು ರಕ್ತಕ್ಕೆ ಅಡ್ರಿನಲಿನ್ ಸುರಿಯುತ್ತವೆ. ನಾಡಿ ಓಡುತ್ತದೆ, ರಕ್ತದೊತ್ತಡ ಏರುತ್ತದೆ, ಹೃದಯ ಹೆಚ್ಚು ಆಮ್ಲಜನಕ ಕೇಳುತ್ತದೆ. ಆ ಹೊತ್ತಿಗೆ ಹೃದಯದ ರಕ್ತನಾಳ ಹಿಗ್ಗಿಕೊಡಬೇಕು. ಒಳಪದರ ಹಾಳಾಗಿರುವ ನಾಳ ಹಿಗ್ಗುವ ಬದಲು ಬಿಗಿಯುತ್ತದೆ. ರಕ್ತದ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟುವ ಸ್ವಭಾವಕ್ಕೆ ಬರುತ್ತವೆ. ಗಾಯವಾದರೆ ರಕ್ತ ಬೇಗ ಹೆಪ್ಪುಗಟ್ಟಲಿ ಎಂದು ದೇಹ ಮಾಡಿಕೊಂಡ ಏರ್ಪಾಡು ಅದು. ಇಲ್ಲಿ ಗಾಯವೇ ಇಲ್ಲ. ಆದರೆ ನಾಳದ ಗೋಡೆಯಲ್ಲಿ ವರ್ಷಗಳಿಂದ ಕೂತ ಕೊಬ್ಬಿನ ಗಂಟು ಇದ್ದರೆ, ಅದರ ತೆಳು ಪೊರೆ ಈ ಒತ್ತಡಕ್ಕೆ ಹರಿಯಬಹುದು. ಹರಿದ ಜಾಗದಲ್ಲಿ ಹೆಪ್ಪು ಕಟ್ಟುತ್ತದೆ, ನಾಳ ಮುಚ್ಚುತ್ತದೆ. ಸಿಟ್ಟಿನಿಂದ ಹೃದಯಾಘಾತ ಆಗುವ ದಾರಿ ಇದು.

ಜೋರು ಸಿಟ್ಟಿನ ನಂತರದ ಎರಡು ತಾಸು ಹೃದಯಾಘಾತದ ಸಂಭವ ಎರಡು ಪಟ್ಟಿಗಿಂತ ಹೆಚ್ಚಿರುತ್ತದೆ ಎಂದು 1995ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನ ತೋರಿಸಿತು. ಅದರಲ್ಲಿ ದಿನಾ ಆಸ್ಪಿರಿನ್ ತೆಗೆದುಕೊಳ್ಳುತ್ತಿದ್ದವರಿಗೆ ಈ ಏರಿಕೆ ಕಡಿಮೆ ಇತ್ತು. ಪ್ಲೇಟ್‌ಲೆಟ್ ಅಂಟುವುದನ್ನೇ ಆಸ್ಪಿರಿನ್ ತಡೆಯುತ್ತದಲ್ಲ. 2024ರ ಇನ್ನೊಂದು ಪ್ರಯೋಗದಲ್ಲಿ ಆರೋಗ್ಯವಂತರಿಗೆ ಬರೀ ಎಂಟು ನಿಮಿಷ ಹಳೆಯ ಸಿಟ್ಟನ್ನು ನೆನಪಿಸಿಕೊಳ್ಳಲು ಹೇಳಿದರು. ಅಷ್ಟಕ್ಕೇ ರಕ್ತನಾಳ ಹಿಗ್ಗುವ ಶಕ್ತಿ 40 ನಿಮಿಷದವರೆಗೆ ಕುಗ್ಗಿತು. ಆತಂಕದ, ದುಃಖದ ನೆನಪಿಗೆ ಅಂಥ ಕುಗ್ಗುವಿಕೆ ಸ್ಪಷ್ಟವಾಗಿ ಕಾಣಲಿಲ್ಲ. ಹಾಗೆಂದು ಒಂದು ಸಲ ಕೂಗಾಡಿದ್ದಕ್ಕೆ ಹೆದರಬೇಕಾಗಿಲ್ಲ. ಆರೋಗ್ಯವಂತನಿಗೆ ಆ ಎರಡು ತಾಸಿನ ಮೂಲ ಅಪಾಯವೇ ತೀರಾ ಚಿಕ್ಕದು, ಅದು ಇಮ್ಮಡಿಯಾದರೂ ಚಿಕ್ಕದೇ. ಲೆಕ್ಕ ಬದಲಾಗುವುದು ಆಗಲೇ ಬ್ಲಾಕ್ ಇರುವವರಿಗೆ, ಮತ್ತು ದಿನಕ್ಕೆ ಐದಾರು ಸಲ ಸಿಡಿಯುವವರಿಗೆ.

ಸ್ವಭಾವದ ಮಾತಿಗೆ ಬಂದರೆ "ಟೈಪ್ ಎ" ಎಂಬ ಹೆಸರನ್ನು ಬಹಳ ಜನ ಕೇಳಿರುತ್ತೀರಿ. 1950ರ ದಶಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಹೃದಯ ವೈದ್ಯರಾದ ಮೇಯರ್ ಫ್ರೀಡ್ಮನ್ ಮತ್ತು ರೇ ರೋಸೆನ್ಮನ್ ಕೊಟ್ಟ ಹೆಸರು ಅದು. ಅವರ ಕ್ಲಿನಿಕ್ಕಿನ ಕುರ್ಚಿಗಳಿಗೆ ಹೊಸ ಬಟ್ಟೆ ಹೊದಿಸಲು ಬಂದ ಕೆಲಸಗಾರ, ಕುರ್ಚಿಗಳ ಮುಂದಿನ ಅಂಚು ಮಾತ್ರ ಸವೆದಿರುವುದನ್ನು ಕಂಡು ಅಚ್ಚರಿಪಟ್ಟನಂತೆ. ರೋಗಿಗಳು ಒರಗಿ ಕೂರದೆ ತುದಿಯಲ್ಲೇ ಕೂರುತ್ತಿದ್ದರು. ಸದಾ ಅವಸರ, ಪೈಪೋಟಿ, ಕಾಯಲಾರದ ಚಡಪಡಿಕೆ ಇರುವವರನ್ನು ಅವರು ಟೈಪ್ ಎ ಎಂದರು. ಕ್ಯಾಲಿಫೋರ್ನಿಯಾದ 3,154 ಗಂಡಸರನ್ನು ಎಂಟೂವರೆ ವರ್ಷ ಗಮನಿಸಿದಾಗ ಅಂಥವರಲ್ಲಿ ಹೃದ್ರೋಗ ಸುಮಾರು ಎರಡು ಪಟ್ಟು ಕಂಡಿತು.

ನಂತರದ ಕಥೆ ಅಷ್ಟಾಗಿ ಪ್ರಚಾರಕ್ಕೆ ಬರಲಿಲ್ಲ. 1988ರಲ್ಲಿ ಅದೇ ಗುಂಪಿನ ಹೃದ್ರೋಗಿಗಳ ಲೆಕ್ಕ ನೋಡಿದಾಗ, ಮೊದಲ ಆಘಾತದಿಂದ ಉಳಿದವರಲ್ಲಿ ಟೈಪ್ ಎ ಜನರೇ ಹೆಚ್ಚು ಕಾಲ ಬದುಕಿದ್ದರು. ಸಿಗರೇಟಿನ ಮೇಲಿನ ಆರೋಪವನ್ನು ಸ್ವಭಾವದ ತಲೆಗೆ ಕಟ್ಟಲು ತಂಬಾಕು ಕಂಪನಿಗಳು ಈ ಬಗೆಯ ಸಂಶೋಧನೆಗೆ ವರ್ಷಗಟ್ಟಲೆ ಹಣ ಸುರಿದದ್ದೂ ಹೊರಬಂತು. ಇಷ್ಟೆಲ್ಲ ಜರಡಿ ಹಿಡಿದ ಮೇಲೆ ಉಳಿದದ್ದು ಒಂದು ಗುಣ: ಹಗೆತನ. ಎದುರಿನವನು ಮೋಸ ಮಾಡುತ್ತಾನೆಂದೇ ಮೊದಲು ಅಂದುಕೊಳ್ಳುವುದು, ಯಾರನ್ನೂ ನಂಬದಿರುವುದು, ಸಣ್ಣದಕ್ಕೂ ಹಲ್ಲು ಕಚ್ಚುವುದು. ಬೆಳಗ್ಗೆಯಿಂದ ರಾತ್ರಿವರೆಗೆ ದುಡಿಯುವವನು, ಚುರುಕಾಗಿ ಓಡಾಡುವವನು ಅಷ್ಟಕ್ಕೇ ಹೃದ್ರೋಗಿಯಾಗುವುದಿಲ್ಲ. ಈ ಮಾತು ಸಂಸಾರದ ಹೊರೆ ಹೊತ್ತು ಓಡುವ ಎಷ್ಟೋ ಜನರಿಗೆ ತಲುಪಬೇಕು ಎಂಬುದು ನನ್ನ ಆಸೆ.

ಹಗೆತನ ತಿದ್ದುವಂಥದ್ದು ಎಂಬುದನ್ನೂ ಫ್ರೀಡ್ಮನ್ ತೋರಿಸಿದರು. ಹೃದಯಾಘಾತವಾದವರಿಗೆ ನಾಲ್ಕೂವರೆ ವರ್ಷ ಗುಂಪಿನಲ್ಲಿ ಅಭ್ಯಾಸ ಕೊಟ್ಟಾಗ ಮತ್ತೆ ಆಘಾತವಾದದ್ದು 12.9 ಶೇಕಡಾ ಜನರಿಗೆ. ಬರೀ ಹೃದಯದ ಸಲಹೆ ಪಡೆದವರಲ್ಲಿ 21.2. ಅಭ್ಯಾಸಗಳು ಕೇಳಲು ತೀರಾ ಸಾದಾ: ಬೇಕೆಂದೇ ಉದ್ದನೆಯ ಕ್ಯೂನಲ್ಲಿ ನಿಲ್ಲುವುದು, ನಿಧಾನ ತಿನ್ನುವುದು, ಮಾತಿನ ನಡುವೆ ಬಾಯಿ ಹಾಕದೆ ಕೇಳುವುದು. ನಮ್ಮ ಊರಿಗೆ ಹೊಂದಿಸಿಕೊಂಡರೆ, ಹಳದಿ ದೀಪ ಕಂಡಾಗಲೇ ಗಾಡಿ ನಿಲ್ಲಿಸಿ ಹಿಂದಿನವನ ಹಾರ್ನ್ ಕೇಳುತ್ತಾ ಸುಮ್ಮನೆ ಕೂರುವುದು. ದಿನಕ್ಕೊಂದು ಅಭ್ಯಾಸ ಸಾಕು. ಒಂದೇ ವಾರಕ್ಕೆ ಬಿಟ್ಟರೆ ಪ್ರಯೋಜನವಿಲ್ಲ. ಅವರು ತೆಗೆದುಕೊಂಡದ್ದು ವರ್ಷಗಳು.

ಸಿಟ್ಟು ಮಾಡುವವರು ಕಣ್ಣಿಗೆ ಬೀಳುತ್ತಾರೆ. ನುಂಗಿಕೊಳ್ಳುವವರು ಬೀಳುವುದಿಲ್ಲ. ಸದಾ ಒಳಗೊಳಗೇ ಕೊರಗುವ, ಆದರೆ ಯಾರಿಗೂ ಹೇಳಿಕೊಳ್ಳದ ಸ್ವಭಾವವನ್ನು ಬೆಲ್ಜಿಯಂನ ಯೋಹಾನ್ ಡೆನೊಲೆಟ್ "ಟೈಪ್ ಡಿ" ಎಂದು ಕರೆದರು. ಅದನ್ನು ಅಳೆಯಲು 14 ವಾಕ್ಯಗಳ ಪಟ್ಟಿಯಿದೆ: ಏಳು ಕೊರಗಿನವು, ಏಳು ಸಂಕೋಚದವು. ಎರಡರಲ್ಲೂ 28ಕ್ಕೆ 10 ಅಥವಾ ಹೆಚ್ಚು ಬಂದರೆ ಟೈಪ್ ಡಿ. ಇಂಥವರಿಗೆ ಅಪಾಯ ಹೆಚ್ಚೆಂದು ಮೊದಲ ಅಧ್ಯಯನಗಳು ಹೇಳಿದವು, ಮುಂದಿನ ಕೆಲವು ಹಾಗೆ ಕಾಣಲಿಲ್ಲ ಎಂದವು. ಆದ್ದರಿಂದ ಹಣೆಪಟ್ಟಿ ಹಚ್ಚಿಕೊಳ್ಳುವುದು ಬೇಡ. ನೋಡಬೇಕಾದದ್ದು ನಡವಳಿಕೆಯನ್ನು. ಮೆಟ್ಟಿಲು ಹತ್ತುವಾಗ ಎದೆ ಹಿಡಿದರೂ "ಮಕ್ಕಳಿಗ್ಯಾಕೆ ತೊಂದರೆ" ಎಂದು ಸುಮ್ಮನಿರುವ ತಾಯಂದಿರು ನಮ್ಮಲ್ಲಿ ಮನೆಮನೆಯಲ್ಲಿದ್ದಾರೆ. ಅಲ್ಲಿ ಅಪಾಯ ಸ್ವಭಾವಕ್ಕಿಂತ ಆ ಮೌನದಲ್ಲಿದೆ.

"ಎದೆ ಒಡೆದು ಹೋಯಿತು" ಎಂಬ ನಮ್ಮ ಮಾತಿಗೆ ವೈದ್ಯಶಾಸ್ತ್ರದಲ್ಲಿ ಒಂದು ಚಿತ್ರವೇ ಇದೆ. 1990ರಲ್ಲಿ ಜಪಾನಿನ ವೈದ್ಯರು ಅದಕ್ಕೆ ಟಾಕೊಟ್ಸುಬೊ ಎಂದು ಹೆಸರಿಟ್ಟರು. ಅದು ಅಲ್ಲಿನ ಬೆಸ್ತರು ಆಕ್ಟೋಪಸ್ ಹಿಡಿಯಲು ಸಮುದ್ರಕ್ಕೆ ಬಿಡುವ ಮಡಕೆ: ಕಿರಿದಾದ ಕತ್ತು, ಉಬ್ಬಿದ ಹೊಟ್ಟೆ. ಆಪ್ತರ ಸಾವು, ದಿಢೀರ್ ಭಯದಂಥ ಆಘಾತದ ನಂತರ ಹೃದಯದ ಎಡ ಕೋಣೆಯ ತುದಿ ಕುಗ್ಗುವುದನ್ನೇ ಬಿಟ್ಟು ಉಬ್ಬಿಕೊಳ್ಳುತ್ತದೆ, ಬುಡ ಮಾತ್ರ ಬಡಿಯುತ್ತಿರುತ್ತದೆ. ಎಕೋದಲ್ಲಿ, ಅಂದರೆ ಹೃದಯದ ಸ್ಕ್ಯಾನ್‌ನಲ್ಲಿ, ನೋಡಿದರೆ ಥೇಟ್ ಆ ಮಡಕೆ. ಎದೆನೋವು, ಇಸಿಜಿ ಬದಲಾವಣೆ, ಹೃದಯದ ಸ್ನಾಯುವಿಗೆ ಪೆಟ್ಟಾದಾಗ ರಕ್ತಕ್ಕೆ ಸೋರುವ ಟ್ರೋಪೋನಿನ್‌ನ ಏರಿಕೆ ಎಲ್ಲವೂ ಹೃದಯಾಘಾತದಂತೆಯೇ. ಆಂಜಿಯೋಗ್ರಾಂ ಮಾಡಿದರೆ ಇದಕ್ಕೆ ಕಾರಣವಾಗುವ ಬ್ಲಾಕ್ ಸಿಗುವುದಿಲ್ಲ. ಹತ್ತರಲ್ಲಿ ಒಂಬತ್ತು ಜನ ಹೆಂಗಸರು, ಹೆಚ್ಚಿನವರಿಗೆ ಮುಟ್ಟು ನಿಂತಿರುತ್ತದೆ. ಬಹುತೇಕರ ಹೃದಯ ಕೆಲವೇ ವಾರಗಳಲ್ಲಿ ಮೊದಲಿನ ಆಕಾರಕ್ಕೆ ಬರುತ್ತದೆ. ಆದರೆ ಮೊದಲ ದಿನಗಳಲ್ಲಿ ಪ್ರಾಣಾಪಾಯ ಇರುವುದರಿಂದ ಆಸ್ಪತ್ರೆಯ ನಿಗಾ ಬೇಕೇ ಬೇಕು. ಸಾವಿನ ಮನೆಯಲ್ಲಿ ಯಾರಾದರೂ ಎದೆ ಹಿಡಿದು ಕೂತರೆ "ದುಃಖಕ್ಕೆ ಹಾಗಾಗಿದೆ" ಎಂದು ನೀರು ಕುಡಿಸಿ ಮಲಗಿಸಬೇಡಿ.

ಈಗ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ ವಿಷಯ, ಹೃದಯಾಘಾತದ ನಂತರದ ಖಿನ್ನತೆ. ಐದು ಜನ ರೋಗಿಗಳಲ್ಲಿ ಸುಮಾರು ಒಬ್ಬರಿಗೆ ಅದು ಬರುತ್ತದೆ. 1993ರ ಮಾಂಟ್ರಿಯಲ್‌ನ ಅಧ್ಯಯನದಲ್ಲಿ, ಆಸ್ಪತ್ರೆಯಲ್ಲಿದ್ದಾಗಲೇ ಖಿನ್ನತೆ ಇದ್ದವರು ಆರು ತಿಂಗಳೊಳಗೆ ಸಾಯುವ ಸಂಭವ ಸುಮಾರು ನಾಲ್ಕು ಪಟ್ಟು ಇತ್ತು. ಇಂಥವರು ಮಾತ್ರೆ ಬಿಡುತ್ತಾರೆ, ವಾಕಿಂಗ್ ಬಿಡುತ್ತಾರೆ, ಬಿಟ್ಟ ಬೀಡಿಯನ್ನು ಮತ್ತೆ ಹಚ್ಚುತ್ತಾರೆ. ಮನೆಯವರು "ಸುಸ್ತು ಇರಬೇಕು, ರೆಸ್ಟ್ ತಗೊಳ್ಳಲಿ" ಎಂದುಕೊಳ್ಳುತ್ತಾರೆ. ಕೇಳಬೇಕಾದದ್ದು ಎರಡೇ ಪ್ರಶ್ನೆ: ಕಳೆದ ಎರಡು ವಾರದಲ್ಲಿ ಯಾವುದರಲ್ಲೂ ಆಸಕ್ತಿ ಇಲ್ಲ ಅನ್ನಿಸಿದೆಯೇ? ಮನಸ್ಸು ಕುಗ್ಗಿ, ಬೇಸರವಾಗಿ, ಭರವಸೆಯೇ ಇಲ್ಲ ಅನ್ನಿಸಿದೆಯೇ? ಇಲ್ಲವೇ ಇಲ್ಲ ಅಂದರೆ 0, ಕೆಲವು ದಿನ ಅಂದರೆ 1, ಅರ್ಧಕ್ಕಿಂತ ಹೆಚ್ಚು ದಿನ ಅಂದರೆ 2, ಹೆಚ್ಚುಕಡಿಮೆ ದಿನಾ ಅಂದರೆ 3. ಎರಡೂ ಕೂಡಿ 3 ಅಥವಾ ಹೆಚ್ಚು ಬಂದರೆ ವೈದ್ಯರ ಬಳಿ ಮಾತಾಡಬೇಕು. ಖಿನ್ನತೆಗೆ ಕೊಡುವ ಸರ್ಟ್ರಾಲಿನ್‌ನಂಥ ಮಾತ್ರೆ ಹೃದ್ರೋಗಿಗಳಲ್ಲಿ ಸುರಕ್ಷಿತ ಎಂದು ಪರೀಕ್ಷಿಸಿ ನೋಡಲಾಗಿದೆ. ಅಮಿಟ್ರಿಪ್ಟಿಲಿನ್‌ನಂಥ ಹಳೆಯ ಮಾತ್ರೆಗಳು ಹೃದಯದ ಲಯ ಕೆಡಿಸಬಲ್ಲವು, ಹಾಗಾಗಿ ಹಳೆಯ ಚೀಟಿ ಹಿಡಿದು ಅಂಗಡಿಯಿಂದ ತರಬೇಡಿ; ಆಗಲೇ ತೆಗೆದುಕೊಳ್ಳುತ್ತಿದ್ದರೆ ಕೇಳದೆ ನಿಲ್ಲಿಸಲೂಬೇಡಿ. ಒಂದು ಮಾತು ಮುಚ್ಚಿಡಬಾರದು. 2003ರ ದೊಡ್ಡ ಪ್ರಯೋಗದಲ್ಲಿ ಮಾತಿನ ಚಿಕಿತ್ಸೆ ಖಿನ್ನತೆಯನ್ನು ಇಳಿಸಿತು, ಆದರೆ ಸಾವನ್ನಾಗಲಿ ಮರು ಆಘಾತವನ್ನಾಗಲಿ ಕಡಿಮೆ ಮಾಡಲಿಲ್ಲ. ಆದರೂ ಚಿಕಿತ್ಸೆ ಬೇಕು, ಏಕೆಂದರೆ ಆ ಮನುಷ್ಯ ದಿನಾ ನರಳುತ್ತಿದ್ದಾನೆ. ಹತ್ತಿರದಲ್ಲಿ ಮನೋವೈದ್ಯರಿಲ್ಲದಿದ್ದರೆ 14416ಕ್ಕೆ ಕರೆ ಮಾಡಿ. ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು.

ಇನ್ನು ದಿನನಿತ್ಯದ ಕೆಲಸ. ಕೋಪದಲ್ಲಿದ್ದಾಗ ಬಿಪಿ ನೋಡಿಕೊಂಡು ಗಾಬರಿಯಾಗುವುದು ಬೇಡ, ಆಗ ಅದು ಏರಿರಲೇಬೇಕು. ಬಿಪಿ ಅಳೆಯುವಾಗ ಕಾಫಿ, ಸಿಗರೇಟು ಆಗಿ ಅರ್ಧ ಗಂಟೆ ಕಳೆದಿರಲಿ. ಮೂತ್ರ ಮಾಡಿ ಬಂದು, ಬೆನ್ನು ಒರಗಿಸಿ, ಪಾದ ನೆಲಕ್ಕೂರಿ ಐದು ನಿಮಿಷ ಮಾತಿಲ್ಲದೆ ಕೂರಿ. ಬಿಪಿ ಯಂತ್ರದ ಪಟ್ಟಿಯನ್ನು ಬಟ್ಟೆಯಿಲ್ಲದ ತೋಳಿಗೆ, ಹೃದಯದ ಮಟ್ಟಕ್ಕೆ ಸುತ್ತಿ. ಒಂದು ನಿಮಿಷ ಬಿಟ್ಟು ಎರಡು ಸಲ ನೋಡಿ, ಬೆಳಗ್ಗೆ ಮತ್ತು ಸಂಜೆ, ಏಳು ದಿನ. ಮೊದಲ ದಿನದ್ದು ಬಿಟ್ಟು ಉಳಿದವುಗಳ ಸರಾಸರಿ 135/85 ಅಥವಾ ಮೇಲೆ ಇದ್ದರೆ ಅದು ಬರೀ ಟೆನ್ಷನ್ ಅಲ್ಲ, ಬಿಪಿಯೇ. ಧ್ಯಾನ ಮಾಡುತ್ತೇನೆಂದು ಮಾತ್ರೆ ಬಿಟ್ಟು ಪಾರ್ಶ್ವವಾಯುವಿಗೆ ತುತ್ತಾಗುವುದು ದೊಡ್ಡ ದುರಂತ.

ಉಸಿರಾಟದ ಅಭ್ಯಾಸಕ್ಕೆ ಖರ್ಚಿಲ್ಲ. ಮೂಗಿನಲ್ಲಿ ನಾಲ್ಕು ಎಣಿಸುವಷ್ಟು ಒಳಕ್ಕೆ, ಆರು ಎಣಿಸುವಷ್ಟು ಹೊರಕ್ಕೆ. ನಿಮಿಷಕ್ಕೆ ಆರು ಉಸಿರು, ಹತ್ತು ನಿಮಿಷ. ಬಿಡುವ ಉಸಿರು ಉದ್ದವಿದ್ದಷ್ಟೂ ಮಿದುಳಿನಿಂದ ಹೃದಯಕ್ಕೆ ಬರುವ ವೇಗಸ್ ನರ ನಾಡಿಯನ್ನು ಇಳಿಸುತ್ತದೆ. ತಲೆ ಸುತ್ತಿದರೆ ತೀರಾ ಆಳವಾಗಿ ಎಳೆಯುತ್ತಿದ್ದೀರಿ ಎಂದರ್ಥ. ಉಸಿರಿನ ಅಳತೆ ಕಡಿಮೆ ಮಾಡಿ, ನಿಧಾನ ಹಾಗೇ ಇರಲಿ. ಟೆನ್ಷನ್ನಿಗೆ ಸಿಗರೇಟು ಸೇದಿದರೆ ಹಗುರವೆನಿಸುವುದು, ಹಿಂದಿನ ಸಿಗರೇಟಿನ ನಿಕೋಟಿನ್ ಇಳಿದಾಗಿನ ಚಡಪಡಿಕೆ ತಣಿಯುವುದರಿಂದ. ಅದೇ ಹೊತ್ತಿಗೆ ನಾಡಿ ಏರುತ್ತಿರುತ್ತದೆ.

ಕೊನೆಯದಾಗಿ, ಎದೆ ನೋವು ಬಂದಾಗ ನಮ್ಮಲ್ಲಿ ಕೇಳಿಬರುವ ಎರಡು ವಾಕ್ಯಗಳು: "ಗ್ಯಾಸ್ ಇರಬೇಕು", "ಟೆನ್ಷನ್‌ಗೆ ಹಾಗಾಗಿದೆ". ಪ್ಯಾನಿಕ್ ಅಟ್ಯಾಕ್‌ನಲ್ಲೂ, ಅಂದರೆ ದಿಢೀರನೆ ಉಕ್ಕುವ ವಿಪರೀತ ಭಯದಲ್ಲೂ, ಎದೆ ಹಿಡಿಯುತ್ತದೆ, ಬೆವರುತ್ತದೆ, ಸತ್ತೇ ಹೋಗುತ್ತೇನೆ ಅನ್ನಿಸುತ್ತದೆ. ಸಾಮಾನ್ಯವಾಗಿ ಅದು ಹತ್ತು ನಿಮಿಷದೊಳಗೆ ತುದಿ ಮುಟ್ಟಿ ಇಳಿಯುತ್ತದೆ. ಆದರೆ ಮನೆಯಲ್ಲಿ ಕೂತು ಇದು ಪ್ಯಾನಿಕ್ಕೋ ಹೃದಯವೋ ಎಂದು ತೀರ್ಮಾನಿಸಲು ಯಾರಿಂದಲೂ ಆಗದು. ಎದೆಯ ನಡುವೆ ಭಾರ, ದವಡೆಗೋ ತೋಳಿಗೋ ಹರಿಯುವ ನೋವು, ತಣ್ಣನೆ ಬೆವರು ಇದ್ದರೆ ಸೋಡಾ ಕುಡಿಯುತ್ತಾ ಕಾಯದೆ 108ಕ್ಕೆ ಕರೆ ಮಾಡಿ. ತಾವೇ ಬೈಕ್ ಓಡಿಸಿಕೊಂಡು ಹೋಗಬೇಡಿ. ಆಸ್ಪಿರಿನ್ ಅಲರ್ಜಿ, ರಕ್ತಸ್ರಾವದ ತೊಂದರೆ ಇಲ್ಲದಿದ್ದರೆ 300ರಿಂದ 325 ಮಿಲಿಗ್ರಾಂ ಮಾತ್ರೆಯನ್ನು ಅಗಿದು ನುಂಗಬಹುದು. ಆಸ್ಪತ್ರೆ ತಲುಪಿದ ಹತ್ತು ನಿಮಿಷದೊಳಗೆ ಇಸಿಜಿ ಆಗಬೇಕು, ಕೇಳಿ ಮಾಡಿಸಿಕೊಳ್ಳಿ. ಮೊದಲ ಇಸಿಜಿ ನಾರ್ಮಲ್ ಬಂದರೂ ನೋವಿದ್ದರೆ ಮನೆಗೆ ಹೊರಡಬೇಡಿ. ಇಸಿಜಿ ಮತ್ತೆ ಆಗಬೇಕು, ಕೆಲವು ತಾಸು ಬಿಟ್ಟು ಟ್ರೋಪೋನಿನ್ ರಕ್ತ ಪರೀಕ್ಷೆ ಕೂಡ. ಎಲ್ಲವೂ ಸರಿಯಿದ್ದು ಪ್ಯಾನಿಕ್ ಎಂದು ತಿಳಿದರೆ, ಅದಕ್ಕೂ ಚಿಕಿತ್ಸೆ ಇದೆ, ಅದನ್ನೂ ಕೇಳಿಯೇ ಹೊರಡಿ.