ಹಂದಿ ಕಥೆಯ ಕೋವಿ

ನಮ್ಮ ಮನೆಯ ಜೋಡುನಳಿಗೆ ಕೋವಿಯ ಹಿಂಬದಿಯ ಮರದ ಕುತ್ತಿಗೆಗೆ ಸುತ್ತಿದ್ದ ತಾಮ್ರದ ತಂತಿಯನ್ನು ನಾನು ಕಣ್ಣು ಬಿಟ್ಟಾಗಿನಿಂದ ನೋಡಿದ್ದೇನೆ. ತಂತಿಯ ಜೊತೆಗೆ ಅದರ ಕಥೆಯೂ ಇತ್ತು. 1972ರ ವನ್ಯಜೀವಿ ಕಾಯಿದೆ ಬರುವುದಕ್ಕೆ ಬಹಳ ಮೊದಲು, ಅಜ್ಜ ಒಂದು ಕಾಡುಹಂದಿಗೆ ಒಂಟಿಗುಂಡಿನ (ಸಣ್ಣ ಚರೆಗಳ ಬದಲು ಒಂದೇ ದೊಡ್ಡ ಗುಂಡಿರುವ) ತೋಟಾ ಹೊಡೆದರಂತೆ. ಗಾಯಗೊಂಡ ಹಂದಿ ತಿರುಗಿ ಮೈಮೇಲೆ ಬಿತ್ತು. ಮತ್ತೆ ತುಂಬಲು ಪುರುಸೊತ್ತಿಲ್ಲದೆ ಅಜ್ಜ ಕೋವಿಯನ್ನೇ ತಿರುಗಿಸಿ ಹಿಡಿದು ಅದರ ತಲೆಗೆ ಬಾರಿಸಿದರು. ಹಂದಿ ಸತ್ತಿತು, ಕೋವಿಯ ಮರ ಸೀಳಿತು. ಪ್ರತಿ ವರ್ಷ ಕೊಡಗಿನ ಆಯುಧಪೂಜೆಯ ಹಬ್ಬವಾದ ಕೈಲ್ ಮುಹೂರ್ತದ ದಿನ ಊಟಕ್ಕೆ ಮೊದಲು ದೊಡ್ಡಪ್ಪ ಇದನ್ನು ಹೇಳಲೇಬೇಕು, ನಾವು ಕೇಳಲೇಬೇಕು.

ಹೋದ ಮಳೆಗಾಲದಲ್ಲಿ ಕೋವಿ ಒರೆಸಲು ಎತ್ತಿದಾಗ ಆ ತಂತಿ ಕೈಗೇ ಬಂತು. ಹಿಂಬದಿಯ ಮರ ಹಾಲುಹಲ್ಲಿನ ಹಾಗೆ ಅಲ್ಲಾಡುತ್ತಿತ್ತು. ಒಂದಿಷ್ಟು ಫೆವಿಕಾಲ್ ಸುರಿದು ಬಿಗಿಯಾಗಿ ಕಟ್ಟಿಬಿಡೋಣ ಎಂದು ತಮ್ಮ ಹೇಳಿದ. ನಾನು ಒಪ್ಪಲಿಲ್ಲ. ಕೊಡಗಿನಲ್ಲಿ ತಲೆಮಾರಿನಿಂದ ಬಂದ ಜಮ್ಮಾ ಜಮೀನಿನ ಹಿಡುವಳಿಯವರಾದ್ದರಿಂದ ಕೋವಿ ಇಟ್ಟುಕೊಳ್ಳಲು ನಮಗೆ ಲೈಸೆನ್ಸ್ ಬೇಡ, ವಿನಾಯಿತಿ ಪತ್ರ ಇದ್ದರೆ ಸಾಕು. ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿದೆ. ಆದರೆ ರಿಪೇರಿ ಬೇರೆ ಮಾತು. ಅದಕ್ಕೆ ಪರವಾನಗಿ ಪಡೆದವರ ಕೈಯೇ ಆಗಬೇಕು. ಹಾಗಾಗಿ ಕಾಗದಪತ್ರ ಜೋಡಿಸಿ, ಕೋವಿಯನ್ನು ಬಿಡಿಸಿ ಹಳೆಯ ಕಂಬಳಿಯಲ್ಲಿ ಸುತ್ತಿ ಮೈಸೂರಿಗೆ ಕಾರು ಬಿಟ್ಟೆ.

ರಿಪೇರಿಯ ಸಾಹೇಬರಿಗೆ ಎಪ್ಪತ್ತು ದಾಟಿರಬೇಕು. ನಳಿಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಒಳಗೆ ಇಣುಕಿದರು, ಉಗುರಿನಿಂದ ತಟ್ಟಿ ಕಿವಿಗೊಟ್ಟರು, ಆಮೇಲೆ ಎಣ್ಣೆ ಬಟ್ಟೆಯಿಂದ ಹೊರಮೈ ತಿಕ್ಕಿದರು. ತುಕ್ಕಿನ ಕಂದಿನ ಅಡಿಯಿಂದ ಹಾವಿನ ಪೊರೆಯಂಥ ಸುರುಳಿ ಗೆರೆಗಳು ಎದ್ದು ಬಂದವು. ಕಬ್ಬಿಣ, ಉಕ್ಕಿನ ಪಟ್ಟಿಗಳನ್ನು ಒಟ್ಟಿಗೆ ತಿರುಚಿ, ಸರಳಿಗೆ ಸುತ್ತಿ, ಕುಲುಮೆಯಲ್ಲಿ ಬಡಿದು ಬೆಸೆದ ದಮಾಸ್ಕಸ್ ನಳಿಗೆ. ಇಷ್ಟು ವರ್ಷ ನಾವು ಅದನ್ನು ಬರಿಯ ಕಲೆ ಎಂದುಕೊಂಡಿದ್ದೆವು!

“ಇದು ಕರಿಮದ್ದಿನ ಕಾಲದ್ದು ಗೌಡರೇ. ಈಗಿನ ಹೊಗೆಯಿಲ್ಲದ ಮದ್ದಿನ ತೋಟಾ ಹಾಕಿದರೆ ನಿಮ್ಮ ಎಡಗೈ ನಿಮ್ಮದಲ್ಲ. ಒಳಗೆ ಗುಳಿಯೂ ಬಿದ್ದಿದೆ. ಮರ ಸರಿ ಮಾಡಿ ಕೊಡುತ್ತೇನೆ, ಹೊಡೆಯುವ ಯೋಚನೆ ಬಿಡಿ.”

ನಳಿಗೆಯ ಅಡಿಭಾಗದಲ್ಲಿ ಕಿರೀಟದ ಕೆಳಗೆ ಅಡ್ಡಹಾಯ್ದ ರಾಜದಂಡಗಳ ಬರ್ಮಿಂಗ್‌ಹ್ಯಾಮ್ ಮುದ್ರೆ ಇತ್ತು. ಪಕ್ಕದಲ್ಲಿ ಇರುವೆಯಷ್ಟು ಅಕ್ಷರಗಳು. ಸಾಹೇಬರು ಭೂತಗನ್ನಡಿ ಕೊಟ್ಟು ಓದಿಸಿದರು: ‘ನಾಟ್ ಫಾರ್ ಬಾಲ್’. ಬಾಯಿಯ ಬಳಿ ಕಿರಿದಾಗುವ ನಳಿಗೆ, ಇದರಲ್ಲಿ ಒಂಟಿಗುಂಡು ಹೊಡೆಯಕೂಡದು, ಚರೆ ಮಾತ್ರ ಎಂದು ಅದರ ಅರ್ಥ. ಈ ಬರಹ ಹಾಕುತ್ತಿದ್ದದ್ದು 1875ರಿಂದ 1887ರವರೆಗೆ ಮಾತ್ರ. ಕೋವಿಯ ವಯಸ್ಸು ಸಿಕ್ಕಿತು ಎಂದು ಹಿಗ್ಗಿದೆ. ಮರುಕ್ಷಣ ಅಜ್ಜನ ಒಂಟಿಗುಂಡು ನೆನಪಾಯಿತು. ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ಓದದೆ ಹೊಡೆದಿರಬಹುದು ಎಂದು ಸಮಾಧಾನ ಮಾಡಿಕೊಂಡೆ.

ಸ್ಕ್ರೂ ಬಿಚ್ಚುವುದಕ್ಕೇ ಒಂದು ಗಂಟೆ ಹಿಡಿಯಿತು. ತಲೆಯ ಕಚ್ಚಿಗೆ ಕೂದಲೆಳೆಯಷ್ಟೂ ಸಡಿಲವಿಲ್ಲದಂತೆ ಪ್ರತಿ ಸ್ಕ್ರೂಗೂ ಬೇರೆ ಬೇರೆ ಸ್ಕ್ರೂಡ್ರೈವರನ್ನು ಅರದಿಂದ ಉಜ್ಜಿ ಕೂರಿಸಿಕೊಂಡರು. ಕೊನೆಗೆ ಮರ ಕಬ್ಬಿಣದಿಂದ ಕಳಚಿತು. ಅಕ್ರೋಟಿನ ಮರವಂತೆ, ಆದರೆ ಕಬ್ಬಿಣಕ್ಕೆ ತಾಗುವ ತಲೆಯ ಭಾಗ ಟಾರಿನ ಹಾಗೆ ಕಪ್ಪಾಗಿತ್ತು. ಸಾಹೇಬರು ಉಗುರು ಒತ್ತಿದರು. ಉಗುರು ಒಳಗಿಳಿಯಿತು.

“ಇದನ್ನು ಹೇಗೆ ಇಡುತ್ತೀರಿ?”

“ಮೂಲೆಯಲ್ಲಿ, ಬಾಯಿ ಮೇಲೆ ಮಾಡಿ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಎಣ್ಣೆ ಹಾಕುತ್ತೇವೆ.”

“ಆ ಎಣ್ಣೆಯೆಲ್ಲ ಇಳಿದು ಇಳಿದು ಇಲ್ಲಿಗೆ ಬಂದಿದೆ. ಮರ ಮೆತ್ತಗಾಗಿ, ಹಿಂದೊದೆತ ತಡೆಯದೆ ಸೀಳಿದೆ.”

ನಾನು ಹಂದಿಯ ಕಥೆ ಹೇಳಿದೆ. ಅವರು ಮರ್ಯಾದೆಯಿಂದ ಪೂರ್ತಿ ಕೇಳಿದರು. ನಂತರ ಸೀಳನ್ನು ತೋರಿಸಿದರು. “ಬಡಿದದ್ದು ಅಡ್ಡಕ್ಕೆ ಮುರಿಯುತ್ತದೆ, ಕಬ್ಬಿನ ಹಾಗೆ. ಇದು ಉದ್ದಕ್ಕೆ ಹೋಗಿದೆ, ಸೌದೆಯ ಹಾಗೆ. ಹಂದಿ ಬೇರೆ ಕೋವಿಯಲ್ಲಿ ಸತ್ತಿರಬೇಕು.”

ಆ ಮಧ್ಯಾಹ್ನ ನನ್ನ ಪಾಲಿಗೆ ಬಂದ ಕೆಲಸ ಸೀಮೆಸುಣ್ಣ ಪುಡಿ ಮಾಡುವುದು. ಪುಡಿಯನ್ನು ಅಸಿಟೋನ್‌ನಲ್ಲಿ ಕಲಸಿ ಮರದ ತಲೆಗೆ ಮೆತ್ತುತ್ತಿದ್ದರು. ಒಣಗುತ್ತಾ ಬಂದಂತೆ ಬಿಳಿ ಮೆತ್ತಿಗೆ ಬೆಲ್ಲದ ಬಣ್ಣಕ್ಕೆ ತಿರುಗುತ್ತಿತ್ತು. ಕೆರೆದು ತೆಗೆ, ಮತ್ತೆ ಮೆತ್ತು. ಏಳನೆಯ ಸಲಕ್ಕೂ ಅದು ಪೂರ್ತಿ ಬಿಳಿಯಾಗಿ ಉಳಿಯಲಿಲ್ಲ. ಅಜ್ಜ, ಅಪ್ಪ, ನಾನು, ಮೂರು ತಲೆಮಾರು ಅಕ್ಕರೆಯಿಂದ ಹಾಕಿದ ಎಣ್ಣೆ ಕಣ್ಣೆದುರೇ ಹೊರಬರುತ್ತಿತ್ತು. ಎಣ್ಣೆ ಇರುವ ತನಕ ಯಾವ ಅಂಟೂ ಹಿಡಿಯುವುದಿಲ್ಲ, ಬಿಟ್ಟು ಹೋಗಿ ಎಂದರು.

ಎರಡನೆಯ ಸಲ ಹೋದಾಗ ಸೀಳಿನೊಳಗೆ ಎಪಾಕ್ಸಿ ಇಳಿಸಿ, ಸೈಕಲ್ ಟ್ಯೂಬಿನ ಪಟ್ಟಿಯನ್ನು ಎಳೆದೆಳೆದು ಬಿಗಿದಿದ್ದರು. ಹಿಡಿಕೆಯಲ್ಲಿ ಬಿದ್ದಿದ್ದ ತಗ್ಗುಗಳಿಗೆ ಒದ್ದೆ ಬಟ್ಟೆ ಹಾಸಿ ಇಸ್ತ್ರಿ ಪೆಟ್ಟಿಗೆ ಒತ್ತಿದರು. ಆವಿಗೆ ಮರ ಉಬ್ಬಿ ಮೇಲೆ ಬರುವುದನ್ನು ನೋಡುವುದೇ ಒಂದು ಖುಷಿ. ಮೂರನೆಯ ಸಲ ಅಗಸೆ ಎಣ್ಣೆಯನ್ನು ಅಂಗೈಯಿಂದ ಬಿಸಿಯಾಗುವಷ್ಟು ತಿಕ್ಕಿ ತೋರಿಸಿದರು. ಕತ್ತಿನ ಮೇಲೆ ಈಗ ಉಳಿದಿರುವುದು ಒಂದು ಸಣ್ಣ ಕಪ್ಪು ಗೆರೆ. ಇನ್ನು ಮೇಲೆ ಬಾಯಿ ಕೆಳಗೆ ಮಾಡಿಯೇ ಇಡಬೇಕೆಂದು ಎರಡು ಸಲ ಹೇಳಿಸಿಕೊಂಡು ಬಂದೆ.

ಕೈಲ್ ಮುಹೂರ್ತದ ಬೆಳಿಗ್ಗೆ ಕೋವಿ ಮತ್ತೆ ಬಾಯಿ ಮೇಲಾಗಿಯೇ ನಿಂತಿತು. ನಳಿಗೆಯ ಬಾಯಿಗೆ ಕೋವಿ ಹೂವು ಸಿಕ್ಕಿಸಬೇಕಲ್ಲ. ಒಂದು ದಿನ ತಾನೇ ಎಂದು ಸುಮ್ಮನಾದೆ. ಹೊಡೆಯಕೂಡದು ಎಂಬುದನ್ನು ದೊಡ್ಡಪ್ಪನಿಗೆ ಮೊದಲೇ ಹೇಳಿದ್ದೆ, ಅವರು ಹೂಂ ಎಂದಿದ್ದರು. ಒಂಟಿಗುಂಡಿನ ವಿಷಯವನ್ನೂ ಉದ್ದದ ಸೀಳಿನ ವಿಷಯವನ್ನೂ ಹೇಳಿದಾಗ ಮಾತ್ರ ಕೈಯಲ್ಲಿದ್ದ ಅಡಕೆ ಕತ್ತರಿಸುವುದನ್ನು ನಿಲ್ಲಿಸಿ, “ನಿನ್ನ ಸಾಹೇಬರು ಆ ಹಂದಿಯನ್ನು ನೋಡಿದ್ದಾರೆಯೇ?” ಎಂದು ಕೇಳಿದ್ದರು.

ಪೂಜೆ ಮುಗಿದು ಎಲೆ ಹಾಕುವ ಹೊತ್ತಿಗೆ ಅವರು ಕೋವಿಯನ್ನು ತೊಡೆಯ ಮೇಲೆ ಮಲಗಿಸಿಕೊಂಡು ಮಕ್ಕಳನ್ನು ಹತ್ತಿರ ಕರೆದರು. ಈ ವರ್ಷ ಹಂದಿ ಎಮ್ಮೆಕರುವಿನಷ್ಟಿತ್ತು. ತಂತಿ ಇಲ್ಲದ್ದರಿಂದ ಆ ಕಪ್ಪು ಗೆರೆಯ ಮೇಲೆ ಬೆರಳಿಟ್ಟು, “ನೋಡಿ, ಇಲ್ಲೇ ಸೀಳಿದ್ದು. ಈಗ ಚೆನ್ನಾಗಿ ಕಾಣುತ್ತದೆ” ಎಂದರು. ನನ್ನ ಕಡೆಗೊಮ್ಮೆ ನೋಡಿದರು. ನಾನು ಕಡುಬಿನ ತಟ್ಟೆ ತರಲು ಒಳಗೆ ಹೋದೆ.